ಜೀವಕೋಶದ ಬೆಳವಣಿಗೆಗೆ ಸಾಕ್ಷಿ ಹೇಳುವ ಪ್ರತಿಕಾಯ

ಅಕ್ಕಿಯ ಗಂಜಿಗೆ ಎರಡು ಹನಿ ಅಯೊಡೀನ್ ದ್ರಾವಣವನ್ನು ಹಾಕಿದರೆ ಕಡುನೀಲಿ ಬಣ್ಣ ಬರುವುದನ್ನು ನಾವೆಲ್ಲರೂ ಶಾಲೆಯಲ್ಲಿ ನೋಡಿದ್ದೇವೆ. ಪಿಷ್ಟವಿದೆ ಎಂಬುದಕ್ಕೆ ಆ ಬಣ್ಣವೇ ಸಾಕ್ಷಿ. ಆದರೆ ಒಂದು ಜೀವಕೋಶದಲ್ಲಿ ಸಾವಿರಾರು ಬಗೆಯ ಪ್ರೋಟೀನುಗಳಿರುವುವು. ಅವುಗಳಲ್ಲಿ ಒಂದನ್ನು ಮಾತ್ರ ಆರಿಸಿ ತೋರಿಸಬಲ್ಲ ದ್ರವ್ಯ ಯಾವುದು? ಅದೇ ಪ್ರತಿಕಾಯ. ಹರ್-೨ ಎಂಬ ಪ್ರೋಟೀನನ್ನು ಉದಾಹರಣೆಯಾಗಿಟ್ಟುಕೊಂಡು ಈ ವಿಷಯವನ್ನು ಪರಿಶೀಲಿಸೋಣ.

ಜೀವಕೋಶವು ತನ್ನಿಷ್ಟದಂತೆ ಬೆಳೆಯುವುದಿಲ್ಲ. ಬೆಳೆಯಬೇಕೆಂಬ ಸಂಕೇತವನ್ನು ಅದರ ಹೊರಪೊರೆಯಲ್ಲಿರುವ ಗ್ರಾಹಕ ಪ್ರೋಟೀನುಗಳು ಒಳಕ್ಕೆ ಮುಟ್ಟಿಸುವುವು. ಹರ್-೨ ಇಂಥ ಗ್ರಾಹಕಗಳಲ್ಲೊಂದು. ಆರೋಗ್ಯವಂತ ಕೋಶದಲ್ಲಿ ಇದು ಮಿತವಾಗಿರುವುದು. ಸ್ತನದ ಕ್ಯಾನ್ಸರುಗಳಲ್ಲಿ ನೂರಕ್ಕೆ ಸುಮಾರು ೧೫ರಿಂದ ೨೦ರಲ್ಲಿ ಇದರ ಜೀನಿನ ಪ್ರತಿಗಳು ಹೆಚ್ಚಿ, ಪೊರೆಯ ತುಂಬ ಹರ್-೨ ಕಿಕ್ಕಿರಿದು, ಕೋಶಗಳು ಎಡೆಬಿಡದೆ ವೃದ್ಧಿಹೊಂದುವುವು. ಹರ್-೨ ಅನ್ನೇ ಗುರಿಯಾಗಿಸಿಕೊಂಡ ಟ್ರಾಸ್ಟುಜುಮ್ಯಾಬ್ ಎಂಬ ಔಷಧಕ್ಕೆ ೧೯೯೮ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಹೃದಯಕ್ಕೆ ಕೆಡುಕು ಮಾಡುವ ಸಂಭವವೂ ಆ ಔಷಧಕ್ಕುಂಟು. ಆದುದರಿಂದ ಅದನ್ನು ಯಾರಿಗೆ ಕೊಡಬೇಕೆಂಬುದನ್ನು ಪರೀಕ್ಷೆಯಿಂದ ತಿಳಿಯಲೇಬೇಕು.

ಪರಕೀಯ ವಸ್ತುವೊಂದು ಶರೀರವನ್ನು ಹೊಕ್ಕಾಗ ಹುಟ್ಟುವ ರಕ್ಷಕ ಪ್ರೋಟೀನುಗಳೇ ಪ್ರತಿಕಾಯಗಳು. ಬೀಗದ ಕೈ ತನ್ನ ಬೀಗಕ್ಕೆ ಮಾತ್ರ ಹೊಂದುವಂತೆ, ಪ್ರತಿಕಾಯವು ತನಗೆ ತಕ್ಕ ಆಕೃತಿಗೆ ಅಂಟಿಕೊಳ್ಳುವುದು. ಪ್ರಾಣಿಯೊಂದಕ್ಕೆ ಹರ್-೨ರ ತುಣುಕನ್ನು ಚುಚ್ಚಿದರೆ ಅದರ ರಕ್ತದಲ್ಲಿ ಹಲವು ಬಗೆಯ ಪ್ರತಿಕಾಯಗಳು ಬೆರೆತು ಹುಟ್ಟುವುವು. ೧೯೭೫ರಲ್ಲಿ ಕೇಂಬ್ರಿಜ್ಜಿನ ವಿಜ್ಞಾನಿಗಳಾದ ಕೋಲರ್ ಮತ್ತು ಮಿಲ್‌ಸ್ಟೈನ್ ಅವರು ಇಲಿಯ ಪ್ರತಿಕಾಯ ಕೋಶವನ್ನು ಕ್ಯಾನ್ಸರ್ ಕೋಶದೊಡನೆ ಬೆಸೆದು, ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ಪಡೆಯುವ ಮಾರ್ಗವನ್ನು ಕಂಡುಹಿಡಿದರು. ೧೯೮೪ರ ನೊಬೆಲ್ ಪಾರಿತೋಷಕದಲ್ಲಿ ಅವರಿಗೆ ಪಾಲು ದೊರೆಯಿತು.

ಇನ್ನು ಪರೀಕ್ಷೆಯ ಕ್ರಮ. ರೋಗಿಯ ಗಂತಿಯಿಂದ ತೆಗೆದ ಚೂರನ್ನು ಫಾರ್ಮಲಿನ್ನಿನಲ್ಲಿ ಕೆಡದಂತೆ ಇಟ್ಟು, ಪ್ಯಾರಫಿನ್ ಮೇಣದಲ್ಲಿ ಹುದುಗಿಸಿ, ಮಿಲಿಮೀಟರಿನ ಸಾವಿರದಲ್ಲಿ ಸುಮಾರು ನಾಲ್ಕು ಭಾಗದಷ್ಟು ತೆಳುವಾಗಿ ಕೊಯ್ದು, ಗಾಜಿನ ಫಲಕದ ಮೇಲೆ ಹರಡುವರು. ಮೇಣವನ್ನು ತೆಗೆದು, ಫಾರ್ಮಲಿನ್ನಿನಿಂದ ಮರೆಯಾದ ಆಕೃತಿಗಳು ತೆರೆದುಕೊಳ್ಳಲೆಂದು ಬಿಸಿ ದ್ರಾವಣದಲ್ಲಿಡುವರು. ಬಳಿಕ ಪ್ರತಿಕಾಯವನ್ನು ಹಾಕಿ, ಅಂಟದೆ ಉಳಿದುದನ್ನು ತೊಳೆಯುವರು. ಪ್ರತಿಕಾಯವು ಕಣ್ಣಿಗೆ ಕಾಣದು. ಆದುದರಿಂದ ಅದನ್ನೇ ಹಿಡಿಯುವ ಎರಡನೆಯ ಪ್ರತಿಕಾಯಕ್ಕೆ ಪೆರಾಕ್ಸಿಡೇಸ್ ಎಂಬ ಕಿಣ್ವವನ್ನು ಜೋಡಿಸಿ ಹಾಕುವರು. ಹೈಡ್ರೊಜನ್ ಪೆರಾಕ್ಸೈಡಿನ ನೆರವಿನಿಂದ ಈ ಕಿಣ್ವವು ಡಯಾಮಿನೊಬೆಂಜಿಡಿನ್ ಎಂಬ ದ್ರವ್ಯವನ್ನು ಕಂದುಬಣ್ಣಕ್ಕೆ ತಿರುಗಿಸುವುದು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಶಗಳ ಸುತ್ತ ಕಂದು ಅಂಚು ಕಾಣುವುದು. ಆ ಅಂಚಿನ ಗಾಢತೆ ಮತ್ತು ವ್ಯಾಪ್ತಿಗೆ ತಕ್ಕಂತೆ ೦ಯಿಂದ ೩ರವರೆಗೆ ಅಂಕ ಕೊಡುವರು. ೩ ಬಂದರೆ ಹರ್-೨ ಹೆಚ್ಚಿದೆಯೆಂದು ಅರ್ಥ. ೨ ಬಂದರೆ ಸಂದೇಹವುಳಿದು, ಜೀನಿನ ಪ್ರತಿಗಳನ್ನೇ ಎಣಿಸಬೇಕಾಗುವುದು.

ಕಂದುಬಣ್ಣ ಕಂಡ ಮಾತ್ರಕ್ಕೆ ಹರ್-೨ ಇದೆಯೆಂದು ನಿರ್ಧರಿಸಬಹುದೆ? ಕೂಡದು. ಪ್ರತಿಕಾಯವು ಬೇರೊಂದು ಪ್ರೋಟೀನಿಗೆ ಅಂಟಿರಬಹುದು. ಅಂಗಾಂಶದಲ್ಲಿ ಸಹಜವಾಗಿರುವ ಪೆರಾಕ್ಸಿಡೇಸೇ ಬಣ್ಣ ಕೊಟ್ಟಿರಬಹುದು. ಬಣ್ಣ ಬಾರದಿದ್ದರೆ ಪ್ರತಿಕಾಯವೇ ಕೆಟ್ಟಿರಬಹುದು. ಆದುದರಿಂದ ರೋಗಿಯ ಫಲಕದೊಡನೆ ಇನ್ನೂ ಮೂರನ್ನು ಪರೀಕ್ಷಿಸಬೇಕು: ಹರ್-೨ ಹೇರಳವಾಗಿದೆಯೆಂದು ಮೊದಲೇ ತಿಳಿದಿರುವುದೊಂದು, ಇಲ್ಲವೆಂದು ತಿಳಿದಿರುವುದೊಂದು, ಮೊದಲ ಪ್ರತಿಕಾಯವನ್ನು ಹಾಕದೆ ಬಿಟ್ಟುದೊಂದು. ಇವುಗಳಲ್ಲಿ ಮೊದಲನೆಯದು ಮಾತ್ರ ಕಂದಾದರೆ ರೋಗಿಯ ಫಲಕವನ್ನು ನಂಬಬಹುದು.

ಗಂಜಿಯ ಪ್ರಯೋಗದಲ್ಲಿಯೂ ಬರಿಯ ನೀರಿಗೆ ಅಯೊಡೀನ್ ಹಾಕಿ ಹೋಲಿಸಬೇಕೆಂದು ಉಪಾಧ್ಯಾಯರು ಹೇಳುವುದು ಇದಕ್ಕಾಗಿಯೇ. ಅಲ್ಲಿ ತಪ್ಪಿದರೆ ನಮಗೆ ಒಂದೆರಡು ಅಂಕ ಹೋದೀತು. ಇಲ್ಲಿ ತಪ್ಪಿದರೆ ರೋಗಿಗೆ ಬೇಕಾದ ಔಷಧ ತಪ್ಪೀತು, ಇಲ್ಲವೆ ಬೇಡದ ಔಷಧ ಮೈಸೇರೀತು.