ಪಠ್ಯಕ್ರಮ ರಚನೆಯೂ ಕೃತಕ ಬುದ್ಧಿಮತ್ತೆಯೂ

ಪಾಠ ಹೇಳುವುದಕ್ಕಿಂತ ಪಾಠವನ್ನು ಗೊತ್ತುಪಡಿಸುವುದು ಕಠಿಣತರವಾದ ಕಾರ್ಯವೆಂಬುದು ಅಧ್ಯಾಪನದಲ್ಲಿ ನುರಿತವರಿಗೆಲ್ಲ ವಿದಿತವಾದ ವಿಷಯ. ಯಾವುದನ್ನು ಕಲಿಸಬೇಕು, ಯಾವುದನ್ನು ಬಿಡಬೇಕು, ಯಾವುದು ಮೊದಲು, ಯಾವುದು ಅನಂತರ ಎಂಬ ನಿರ್ಣಯದಲ್ಲಿಯೇ ಗುರುವಿನ ವಿವೇಕದ ಪರೀಕ್ಷೆಯಾಗುತ್ತದೆ. 2022ರ ನವೆಂಬರಿನಲ್ಲಿ ‘ಚಾಟ್‌ಜಿಪಿಟಿ’ಯು ಸಾರ್ವಜನಿಕರ ಕೈಗೆ ಬಂದ ಮೇಲೆ ಈ ಕಾರ್ಯಕ್ಕೂ ಯಂತ್ರದ ನೆರವು ಸುಲಭವಾಗಿ ದೊರೆಯುತ್ತಿದೆ. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಅಧ್ಯಾಪಕರಾಗಿರುವುದರಿಂದ, ಆ ನೆರವನ್ನು ಎಲ್ಲಿಯವರೆಗೆ ಸ್ವೀಕರಿಸಬೇಕೆಂಬುದನ್ನು ಇಲ್ಲಿ ವಿವೇಚಿಸುವುದು ಉಚಿತವೆಂದು ಭಾವಿಸಿದ್ದೇನೆ.

ಮೊದಲು ಯಂತ್ರದ ಕ್ರಮವನ್ನು ತಿಳಿಯಬೇಕು. ಯಾವ ಪದದ ಬಳಿಕ ಯಾವ ಪದ ಬರುವ ಸಂಭವ ಹೆಚ್ಚೆಂಬುದನ್ನು ಅದು ಅಪಾರವಾದ ಬರಹರಾಶಿಯಿಂದ ಅಭ್ಯಸಿಸಿ, ಆ ಬಲದಿಂದ ಹೊಸ ವಾಕ್ಯಗಳನ್ನು ಹೆಣೆಯುತ್ತದೆ. ಆದುದರಿಂದ ಅದು ಹೇಳಿದ್ದು ಸಂಭಾವ್ಯವಾಗಿ ತೋರಿದ ಮಾತ್ರಕ್ಕೆ ಸತ್ಯವೆಂದು ನಂಬಲಾಗದು.

ಪದವಿ ತರಗತಿಗೆ ವಚನಸಾಹಿತ್ಯವನ್ನು ಕುರಿತ ನಾಲ್ಕು ಕ್ರೆಡಿಟ್ಟುಗಳ ಪತ್ರಿಕೆಯೊಂದನ್ನು ರೂಪಿಸಬೇಕಾಗಿದೆಯೆಂದು ಭಾವಿಸೋಣ. ಕ್ರೆಡಿಟ್ಟಿಗೆ 15 ಗಂಟೆಗಳಂತೆ ಒಟ್ಟು 60 ಗಂಟೆಗಳ ಬೋಧನೆ. ‘ಪಠ್ಯಕ್ರಮ ಕೊಡು’ ಎಂದಷ್ಟೇ ಕೇಳಿದರೆ ಯಂತ್ರವು ನಿಮಿಷದೊಳಗೆ ಹಿನ್ನೆಲೆ, ಬಸವಣ್ಣ, ಅಲ್ಲಮ, ಅಕ್ಕಮಹಾದೇವಿ ಎಂದು ಘಟಕಗಳನ್ನು ಪಟ್ಟಿಮಾಡಿ ಕೊಡುತ್ತದೆ. ಪಟ್ಟಿಯಲ್ಲಿ ತಪ್ಪಿಲ್ಲದಿರಬಹುದು, ಆದರೆ ಅದು ಯಾವ ಊರಿನ, ಯಾವ ವಿದ್ಯಾರ್ಥಿಗಳಿಗಾಗಿ ಎಂಬ ವಿಚಾರವೇ ಅದರಲ್ಲಿರುವುದಿಲ್ಲ.

ಅಮೆರಿಕದ ಶಿಕ್ಷಣತಜ್ಞ ರಾಲ್ಫ್ ಟೈಲರ್ ಅವರು 1949ರಲ್ಲಿಯೇ ಪಠ್ಯಕ್ರಮ ರಚನೆಯ ಕ್ರಮವನ್ನು ನಿರೂಪಿಸಿದರು: ಮೊದಲು ಉದ್ದೇಶ, ಆಮೇಲೆ ಅದಕ್ಕೆ ತಕ್ಕ ಕಲಿಕೆಯ ಅನುಭವಗಳು, ಅವುಗಳ ಸಂಘಟನೆ, ಕಡೆಗೆ ಮೌಲ್ಯಮಾಪನ. ‘ಪತ್ರಿಕೆ ಮುಗಿದಾಗ ವಿದ್ಯಾರ್ಥಿಯು ತಾನು ಹಿಂದೆ ಓದದ ವಚನವೊಂದನ್ನು ಸ್ವಂತವಾಗಿ ಅರ್ಥೈಸಬಲ್ಲವನಾಗಬೇಕು’ ಎಂಬ ಉದ್ದೇಶವನ್ನು ಅಧ್ಯಾಪಕನೇ ಮೊದಲು ಬರೆದುಕೊಳ್ಳಲಿ. ಅನಂತರ 60 ಗಂಟೆಗಳನ್ನು ಹಂಚಲು ಯಂತ್ರವನ್ನು ಕೇಳಲಿ. ಯಾವ ಘಟಕ ಉದ್ದೇಶಕ್ಕೆ ಹೊಂದುವುದಿಲ್ಲ, ಯಾವ ಪ್ರಶ್ನೆ ಕೇವಲ ಕಂಠಪಾಠವನ್ನು ಅಳೆಯುತ್ತದೆ, ಹಳಗನ್ನಡದ ಪರಿಚಯವಿಲ್ಲದ ವಿಜ್ಞಾನದ ವಿದ್ಯಾರ್ಥಿಗೆ ಎಲ್ಲಿ ತೊಡಕಾದೀತು ಎಂದು ಪ್ರಶ್ನಿಸಲಿ. ಇಂತಹ ಪರಿಶೀಲನೆಯಲ್ಲಿ ಯಂತ್ರವು ನಿಜವಾಗಿಯೂ ಉಪಕಾರಿ. ಅನೇಕ ದಿನಗಳ ಶ್ರಮವನ್ನು ಉಳಿಸಬಲ್ಲುದು.

ಆದರೆ ವಚನಗಳ ಆಯ್ಕೆಯನ್ನು ಮಾತ್ರ ಅದಕ್ಕೆ ಬಿಟ್ಟುಕೊಡಲಾಗದು. ಯಾವ ಶರಣರೂ ನುಡಿಯದ ಸಾಲುಗಳನ್ನು ಕಟ್ಟಿ, ಕೊನೆಗೆ ‘ಕೂಡಲಸಂಗಮದೇವ’ ಎಂಬ ಅಂಕಿತವನ್ನು ಜೋಡಿಸಿಬಿಡುವುದು ಅದಕ್ಕೆ ಕಷ್ಟವಲ್ಲ. 2023ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದರಲ್ಲಿ ಯಂತ್ರವು ಕಲ್ಪಿಸಿಕೊಟ್ಟ, ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ ವಕೀಲರು 5,000 ಡಾಲರು ದಂಡ ತೆರಬೇಕಾಯಿತು. ಅಂತರಜಾಲದಲ್ಲಿ ಹುಡುಕಿ ಉತ್ತರಿಸುವ ಯಂತ್ರಗಳು ಬಂದ ಮೇಲೂ ಈ ದೋಷ ನಿರ್ಮೂಲವಾಗಿಲ್ಲ. ನ್ಯಾಯಾಲಯದಲ್ಲಿ ಎದುರು ಪಕ್ಷದವರಿದ್ದು ತಪ್ಪನ್ನು ಹಿಡಿಯುತ್ತಾರೆ, ತರಗತಿಯಲ್ಲಿ ಹಿಡಿಯುವವರಾರು? ಪಠ್ಯದಲ್ಲಿ ಸೇರಿದ ಹುಸಿ ವಚನವು ಪ್ರಶ್ನೆಪತ್ರಿಕೆಗೆ, ಅಲ್ಲಿಂದ ಭಾಷಣಕ್ಕೆ, ಗೋಡೆಬರಹಕ್ಕೆ ಹರಿದು ಕಡೆಗೆ ಶರಣರ ವಾಣಿಯೆಂದೇ ನಿಂತುಬಿಡುತ್ತದೆ. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆಮನೆಗಳ ತಾಡವೋಲೆಗಳನ್ನು ಅರಸಿ, ಪರಿಶೋಧಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ಅಂತಹವರ ತಪಸ್ಸಿನಿಂದ ಉಳಿದುಬಂದ ನಿಧಿಯಲ್ಲಿ ಖೋಟಾ ನಾಣ್ಯ ಬೆರೆಯಗೊಡುವುದು ಅಪಚಾರವೇ ಸರಿ.

ಆದಕಾರಣ ಪಟ್ಟಿಗೆ ಸೇರುವ ಪ್ರತಿಯೊಂದು ವಚನವನ್ನೂ ಮುದ್ರಿತ ಸಂಪುಟದೊಡನೆ ತಾಳೆನೋಡುವುದು ಅಧ್ಯಾಪಕನ ಕಾಯಕವೆಂದು ತಿಳಿಯತಕ್ಕದ್ದು. ಯಂತ್ರದಿಂದ ಉಳಿದ ಸಮಯವನ್ನು ಈ ಕಾಯಕಕ್ಕೂ ವಿದ್ಯಾರ್ಥಿಗಳ ಸಾಹಚರ್ಯಕ್ಕೂ ವಿನಿಯೋಗಿಸೋಣ. ವಿದ್ಯಾಸಂಸ್ಥೆಗಳಿಗೆ ಗಣಕಯಂತ್ರಗಳನ್ನು ನೀಡುವ ಉದಾರ ದಾನಿಗಳು ಅವುಗಳ ಪಕ್ಕದಲ್ಲಿಯೇ ‘ಸಮಗ್ರ ವಚನ ಸಂಪುಟ’ದ 15 ಸಂಪುಟಗಳನ್ನೂ ಇರಿಸುವ ಕೃಪೆಮಾಡಿದರೆ ಆ ದಾಸೋಹವು ಪೂರ್ಣವಾಗುವುದು.