ಕುಟುಂಬ ಯೋಜನೆ: ಸೇವೆಯ ಗುಣಮಟ್ಟ (ಮಂಡ್ಯ, ಮದ್ದೂರು, ಮಳವಳ್ಳಿ ಹಿನ್ನೆಲೆಯಲ್ಲಿ)

1. 1930: ಮೈಸೂರು ಸಂಸ್ಥಾನದಲ್ಲಿ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್‌ಗಳಿಗೆ ಆದೇಶ. ಜಗತ್ತಿನಲ್ಲೇ ಮೊದಲೆಂದು ಹೆಸರು. ದೊರೆ ನಾಲ್ವಡಿ ಕೃಷ್ಣರಾಜ ಒಡೆಯರ್, ದಿವಾನ ಮಿರ್ಜಾ ಇಸ್ಮಾಯಿಲ್. ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ; ಆದ್ದರಿಂದ 1930ರಲ್ಲಿ ಈ ಮೂರೂ ಊರುಗಳು ಮೈಸೂರು ಜಿಲ್ಲೆಗೆ ಸೇರಿದ್ದವು.

2. ರಾಷ್ಟ್ರೀಯ ಕಾರ್ಯಕ್ರಮ: 1952. ಗೊಂದಲ ಬೇಡ: ಸಂಸ್ಥಾನ 1930, ದೇಶ 1952.

3. ಗುಣಮಟ್ಟದ ಆರು ಅಂಶಗಳು (ಜೂಡಿತ್ ಬ್ರೂಸ್, 1990): ವಿಧಾನಗಳ ಆಯ್ಕೆ, ಮಾಹಿತಿ, ತಾಂತ್ರಿಕ ಕೌಶಲ, ಆಪ್ತ ವರ್ತನೆ, ಮರುಭೇಟಿಯ ವ್ಯವಸ್ಥೆ, ಪೂರಕ ಸೇವೆಗಳು. ಮೊದಲನೆಯದನ್ನೇ ಹೆಚ್ಚು ಓದಿಕೊಳ್ಳಿ. ಹೆಣ್ಣುಮಕ್ಕಳ ಶಸ್ತ್ರಚಿಕಿತ್ಸೆಯೊಂದನ್ನೇ ಮುಂದಿಟ್ಟರೆ ಅದು ಆಯ್ಕೆಯಲ್ಲ.

4. 1996: ಗುರಿಮುಕ್ತ ವಿಧಾನ. 1997: ಆರ್‌ಸಿಹೆಚ್ (ಸಂತಾನೋತ್ಪತ್ತಿ ಮತ್ತು ಮಕ್ಕಳ ಆರೋಗ್ಯ ಕಾರ್ಯಕ್ರಮ). 2016: ದೇವಿಕಾ ಬಿಸ್ವಾಸ್ ಪ್ರಕರಣ; ಸಂತಾನಹರಣ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಲು ಸುಪ್ರೀಂ ಕೋರ್ಟ್ ಸೂಚನೆ.

5. ತಪ್ಪಾಗುವ ಅಂಶಗಳು
• ಅಂತರಾ: ಚುಚ್ಚುಮದ್ದು, 3 ತಿಂಗಳಿಗೊಮ್ಮೆ.
• ಛಾಯಾ: ಹಾರ್ಮೋನ್‌ರಹಿತ ಮಾತ್ರೆ, ಮೊದಲ 3 ತಿಂಗಳು ವಾರಕ್ಕೆ 2, ಬಳಿಕ ವಾರಕ್ಕೊಂದು.
• ಪುರುಷ ಶಸ್ತ್ರಚಿಕಿತ್ಸೆ ತಕ್ಷಣ ಫಲಿಸದು. 3 ತಿಂಗಳ ಬಳಿಕ ವೀರ್ಯ ಪರೀಕ್ಷೆ, ಅಲ್ಲಿಯವರೆಗೆ ಕಾಂಡೋಮ್.

6. ಗರ್ಭಪಾತ ಕಾಯ್ದೆ 1971 (ತಿದ್ದುಪಡಿ 2021): 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ, ನಿಗದಿತ ವರ್ಗಗಳಿಗೆ 24 ವಾರದವರೆಗೆ ಇಬ್ಬರದು. ಲಿಂಗಪತ್ತೆ ನಿಷೇಧ ಕಾಯ್ದೆ ಬೇರೆ, ಅದು 1994ರದು. 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಲಿಂಗಪತ್ತೆಗಾಗಿ ಸ್ಕ್ಯಾನಿಂಗ್ ನಡೆದದ್ದು ಬಯಲಾದ ಪ್ರಕರಣಕ್ಕೆ ಈ 1994ರ ಕಾಯ್ದೆ ಅನ್ವಯ.

7. ಒಟ್ಟು ಫಲವಂತಿಕೆ ದರ (ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಎನ್‌ಎಫ್‌ಹೆಚ್‌ಎಸ್-5): ಕರ್ನಾಟಕ 1.7, ಭಾರತ 2.0.