ಡೈರಿಯಲ್ಲಿ ಕಲಿತದ್ದನ್ನು ಅರ್ಜಿಯಲ್ಲಿ ಬರಿ, ಮಗು

ಮಗು, ಡಿಗ್ರಿ ಮುಗಿಸಿದೆ, ಸಂತೋಷ. ಮಾರ್ಕ್ಸ್ ಕಾರ್ಡುಗಳನ್ನೆಲ್ಲ ಪ್ಲಾಸ್ಟಿಕ್ ಫೈಲಿಗೆ ಹಾಕಿಕೊಂಡು ಓಡಾಡುವುದನ್ನೂ ನೋಡಿದೆ. ಮನೆಯಲ್ಲಿ ಮೊದಲ ಪದವೀಧರ ನೀನು. ನಿಮ್ಮಪ್ಪ ಟೀ ಅಂಗಡಿಯಲ್ಲಿ ಕೂತವರಿಗೆಲ್ಲ ಹೇಳಿ ಆಗಿದೆ. ಆದರೆ ನಾಲ್ಕು ಕಡೆ ಅರ್ಜಿ ಹಾಕಿ, ಒಂದು ಕಡೆಯಿಂದಲೂ ಫೋನು ಬರಲಿಲ್ಲ ಅಂತ ಅರಳೀಕಟ್ಟೆಯ ಮೇಲೆ ಮುಖ ಊದಿಸಿಕೊಂಡು ಕೂತಿದ್ದೀಯಲ್ಲ, ಅದಕ್ಕೇ ಈ ಮಾತು. ಆ ಮೊಬೈಲು ಜೇಬಿಗಿಟ್ಟು ಕೇಳು.

ಶಿವಗಂಗೆ ಬೆಟ್ಟದ ಮೇಲೆ ನಿಂತು ದಾಬಸ್‌ಪೇಟೆ ಕಡೆ ಕಣ್ಣು ಹಾಯಿಸು. ಸೋಂಪುರ ಕೈಗಾರಿಕಾ ಪ್ರದೇಶದ ಶೆಡ್ಡುಗಳು ಕಾಣುತ್ತವೆ. ತುಮಕೂರು ಕಡೆ ಹೋದರೆ ವಸಂತನರಸಾಪುರ. ನಾವು ಕೆಲಸ ಹುಡುಕಿಕೊಂಡು ಪೀಣ್ಯಕ್ಕೆ ಹೋದೆವು. ನಿಮಗೆ ಕಾರ್ಖಾನೆಗಳೇ ಊರ ಬಾಗಿಲಿಗೆ ಬಂದಿವೆ. “ಬಂದು ಏನು ಬಂತು ತಾತ, ನಮ್ಮೋರಿಗೆಲ್ಲಿ ಕೆಲಸ ಕೊಡ್ತಾರೆ?” ಅಂತೀಯ. ಅದರಲ್ಲಿ ನಿಜ ಇದೆ, ನಾನು ಅಲ್ಲಗಳೆಯುವುದಿಲ್ಲ. 2024ರ ಜುಲೈನಲ್ಲಿ ಸ್ಥಳೀಯರಿಗೆ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಮೀಸಲಿಡುವ ಮಸೂದೆಗೆ ನಮ್ಮ ಸಂಪುಟ ಒಪ್ಪಿಗೆ ಕೊಟ್ಟಿತು. ಉದ್ಯಮದವರು ಗಲಾಟೆ ಮಾಡಿದ ಮೇಲೆ ತಡೆಹಿಡಿಯಿತು. ಅಂಥ ಕಾನೂನು ಬರಬೇಕು ಅನ್ನುವವರಲ್ಲಿ ನಾನೂ ಒಬ್ಬ. ಆದರೆ ಅದು ಬಂದ ದಿನವೂ ನಿನ್ನನ್ನು ಎದುರಿಗೆ ಕೂರಿಸಿಕೊಂಡು “ನಿನಗೆ ಏನು ಬರುತ್ತೆ?” ಅಂತ ಕೇಳಿಯೇ ಕೇಳುತ್ತಾರೆ.

ಆ ಪ್ರಶ್ನೆ ಕೇಳುವ ಕುರ್ಚಿಯಲ್ಲಿ ನಾನು ಬಹಳ ವರ್ಷ ಕೂತಿದ್ದೆ. ಬಂದ ಬಯೋಡೇಟಾಗಳೆಲ್ಲ ಒಂದೇ ಥರ. ಸೈಬರ್ ಸೆಂಟರಿನವನು ಹೆಸರು, ಊರು ಬದಲಾಯಿಸಿ ಕೊಟ್ಟಿರುತ್ತಾನೆ. ಹವ್ಯಾಸ: ಓದುವುದು, ಹಾಡು ಕೇಳುವುದು. ಯಾವ ಪುಸ್ತಕ ಓದಿದೆಯಪ್ಪ ಅಂದರೆ ಹುಡುಗ ಫ್ಯಾನು ನೋಡುತ್ತಾನೆ! ನಿನ್ನದೂ ಅದೇ ಕಾಗದ ತಾನೇ? ಹರಿದು ಹಾಕು.

ಈಗ ನಾನು ಕೇಳುತ್ತೇನೆ, ನೀನು ಹೇಳು. ಊರ ಡೈರಿಯಲ್ಲಿ ಸೆಕ್ರೆಟರಿಗೆ ಕೈಜೋಡಿಸುತ್ತಾ ಎಷ್ಟು ದಿನ ನಿಂತಿದ್ದೀಯ? ಬೆಳಗ್ಗೆ ಸಂಜೆ ಹಾಲು ಅಳೆದೆ. ಸ್ಯಾಂಪಲ್ ತೆಗೆದೆ. ಫ್ಯಾಟು, ಎಸ್‌ಎನ್‌ಎಫ್ ನೋಡಿ ಬರೆದೆ. ಅದರ ಮೇಲೆ ಲೆಕ್ಕ ಹಾಕಿ ಯಾರಿಗೆಷ್ಟು ದುಡ್ಡು ಅಂತ ಹೇಳಿದೆ. ಫ್ಯಾಟು ಕಡಮೆ ಬಂದ ದಿನ ದೊಡ್ಡಮ್ಮ ಕ್ಯಾನು ಕುಕ್ಕಿ ಜಗಳಕ್ಕೆ ನಿಂತರೆ, ಸಮಾಧಾನ ಮಾಡಿ, ಅವರೆದುರಿಗೇ ಇನ್ನೊಂದು ಸಲ ಪರೀಕ್ಷೆ ಮಾಡಿ ತೋರಿಸಿದೆ. ಹಾಲಿನ ಗಾಡಿ ಬರುವ ಹೊತ್ತಿಗೆ ಎಲ್ಲ ತಯಾರಿಟ್ಟೆ, ಒಂದು ದಿನವೂ ತಪ್ಪಿಸಲಿಲ್ಲ. ಸೋಂಪುರದ ಕಾರ್ಖಾನೆಯಲ್ಲಿ ಇದಕ್ಕೇ ಕ್ವಾಲಿಟಿ, ಸ್ಟೋರ್ಸು, ಡಿಸ್ಪ್ಯಾಚು ಅಂತ ಮೂರು ವಿಭಾಗ ಮಾಡಿ ಮೂವರನ್ನು ಕೂರಿಸಿರುತ್ತಾರೆ. ನೀನು ಮಾತ್ರ ಅದನ್ನು ಎಲ್ಲೂ ಬರೆದಿಲ್ಲ. ಹಳ್ಳಿ ಕೆಲಸ ಅಂತ ನಾಚಿಕೆ!

ನಾಚಿಕೆ ಯಾಕೆ? ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಮನೆಪಾಠ ಹೇಳಿಕೊಟ್ಟು ಸಂಪಾದಿಸುತ್ತಲೇ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಓದಿದವರು. ಬೆಟ್ಟದ ಮೆಟ್ಟಿಲ ಹತ್ತಿರ ನೀನು ರಜೆಯಲ್ಲಿ ಮಜ್ಜಿಗೆ, ಸೌತೇಕಾಯಿ ಮಾರಿದ್ದೂ ಕೆಲಸವೇ. ಸಂಕ್ರಾಂತಿಯ ಗಂಗಾಧರೇಶ್ವರನ ಜಾತ್ರೆಗೆ ಎಷ್ಟು ಮಾಲು ತರಬೇಕು, ಯಾವ ಹೊತ್ತಿಗೆ ಬೆಲೆ ಇಳಿಸಬೇಕು ಅಂತ ನೀನು ಹಾಕಿದ ಅಂದಾಜು ಯಾವ ಸೆಮಿಸ್ಟರಿನಲ್ಲೂ ಇರಲಿಲ್ಲ. ಬರಿ. ಎರಡೇ ಸಾಲು ಸಾಕು, ಉಬ್ಬಿಸಬೇಡ.

ಇಂಗ್ಲಿಷಿನ ಭಯವೊಂದು ಇದೆ ನಿನಗೆ, ಗೊತ್ತು. ದುಡ್ಡು ಸುರಿದು ಮೂವತ್ತು ದಿನದ ಕೋರ್ಸಿಗೆ ಓಡಬೇಡ. ಮೊದಲು ಡೈರಿ ಕೆಲಸವನ್ನು ಕನ್ನಡದಲ್ಲೇ ಐದು ವಾಕ್ಯದಲ್ಲಿ ತಡವರಿಸದೆ ಹೇಳು. ಕನ್ನಡದಲ್ಲೇ ಸ್ಪಷ್ಟವಿಲ್ಲದ್ದು ಇಂಗ್ಲಿಷಿನಲ್ಲಿ ಎಲ್ಲಿಂದ ಬರಬೇಕು? ಆಮೇಲೆ ಅದೇ ಐದು ವಾಕ್ಯ ಇಂಗ್ಲಿಷಿನಲ್ಲಿ. ಭಾನುವಾರ ಬೆಂಗಳೂರಿನಿಂದ ಚಾರಣಕ್ಕೆ ಬರುವವರಿಗೆ ಒಳಕಲ್ಲು ತೀರ್ಥ ಎಲ್ಲಿದೆ, ಪಾತಾಳಗಂಗೆ ಎಲ್ಲಿದೆ, ಶಾಂತಲೆಯ ಕಥೆ ಏನು ಅಂತ ಇಂಗ್ಲಿಷಿನಲ್ಲಿ ಹೇಳು. ತಪ್ಪಾದರೆ ಆಗಲಿ. ಅವರು ನಿನ್ನ ವ್ಯಾಕರಣ ತಿದ್ದಲು ಬೆಟ್ಟ ಹತ್ತಿದವರಲ್ಲ.

ದುಡ್ಡಿನ ವಿಷಯಕ್ಕೆ ಬರೋಣ. ಸರ್ಕಾರದ ಯುವನಿಧಿ ಯೋಜನೆಯಲ್ಲಿ ಕೆಲಸವಿಲ್ಲದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಅದೂ ಹೆಚ್ಚೆಂದರೆ ಎರಡು ವರ್ಷ. ಬಂದರೆ ಬಸ್ ಚಾರ್ಜಿಗೆ, ಕಂಪ್ಯೂಟರ್ ಕಲಿಯುವುದಕ್ಕೆ ಹಾಕು. ಎಕ್ಸೆಲ್ ಬರದ ಪದವೀಧರನನ್ನು ಈಗ ಯಾವ ಆಫೀಸೂ ಒಳಗೆ ಬಿಡುವುದಿಲ್ಲ. ಅದಕ್ಕಿಂತ ಒಳ್ಳೆಯ ದಾರಿ ಅಪ್ರೆಂಟಿಸ್. ಅದು ಐಟಿಐ ಹುಡುಗರಿಗೆ ಮಾತ್ರ ಅಂದುಕೊಂಡಿದ್ದೀಯ. 1961ರ ಅಪ್ರೆಂಟಿಸ್ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ಆಗಿ ಬಿ.ಎ., ಬಿ.ಕಾಂ. ಆದವರಿಗೂ ಬಾಗಿಲು ತೆರೆದಿದೆ. ಮೂವತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಾರ್ಖಾನೆ ಅಪ್ರೆಂಟಿಸುಗಳನ್ನು ತೆಗೆದುಕೊಳ್ಳಲೇಬೇಕು. 2019ರ ನಿಯಮ ಪದವೀಧರ ಅಪ್ರೆಂಟಿಸಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ನಿಗದಿ ಮಾಡಿತು. “ಬರೀ ಒಂಬತ್ತು ಸಾವಿರಾನಾ?” ಅಂತ ಮೂಗು ಮುರಿಯಬೇಡ. ಕಲಿಯುವುದಕ್ಕೆ ನೀನು ಕಾಲೇಜಿಗೆ ಫೀಸು ಕಟ್ಟಿದೆ. ಇಲ್ಲಿ ಕಲಿಸುವವರೇ ನಿನಗೆ ಕೊಡುತ್ತಾರೆ.

ಒಳಗೆ ಸೇರಿದ ಮೇಲೆ ನಿನ್ನನ್ನು ಉಳಿಸುವುದು ಸಣ್ಣಪುಟ್ಟ ನಡತೆ. “ಬಸ್ ಬರಲಿಲ್ಲ ಸಾರ್” ಅನ್ನುವುದು ಒಂದು ಸಲ ನಡೆಯುತ್ತೆ. ಎರಡನೇ ಸಲಕ್ಕೆ ಹಿಂದಿನ ಬಸ್ಸು ಹಿಡಿಯಲು ಕಲಿತಿರಬೇಕು. ಅರ್ಥವಾಗದಿದ್ದರೆ ತಲೆ ಆಡಿಸಬೇಡ, ಕೇಳು. ಕೇಳಿದ್ದನ್ನು ಪಾಕೆಟ್ ಪುಸ್ತಕದಲ್ಲಿ ಬರೆದುಕೋ. ಗೊತ್ತಿಲ್ಲದ್ದನ್ನು ಗೊತ್ತು ಅಂದವರು ಮಾಲು ಹಾಳು ಮಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಗೊತ್ತಿಲ್ಲ, ಹೇಳಿಕೊಡಿ ಅಂದವರೇ ಮುಂದೆ ಸೂಪರ್‌ವೈಸರ್ ಆದದ್ದನ್ನೂ ಕಂಡಿದ್ದೇನೆ. ಇನ್ನೊಂದು ಕಡೆ ಐನೂರು ರೂಪಾಯಿ ಜಾಸ್ತಿ ಅಂತ ಎರಡನೇ ತಿಂಗಳಿಗೇ ಹಾರಬೇಡ. ಒಂದು ಕೆಲಸದ ಬೆನ್ನು ಹತ್ತಿ ಒಂದು ವರ್ಷ ನಿಲ್ಲು. ಹೆಣ್ಣುಮಕ್ಕಳ ತಂದೆತಾಯಿಗೂ ಒಂದು ಮಾತು: ಫ್ಯಾಕ್ಟರಿ ಅಂದ ಕೂಡಲೇ ಬೇಡ ಅನ್ನಬೇಡಿ. ಗಾಡಿ ವ್ಯವಸ್ಥೆ ಇದೆಯೇ, ಶಿಫ್ಟ್ ಯಾವುದು, ವಿಚಾರಿಸಿ. ಡಿಗ್ರಿ ಓದಿಸಿ ಮನೆಯಲ್ಲಿ ಕೂರಿಸಿದರೆ ಓದಿಸಿದ್ದಕ್ಕೆ ಅರ್ಥವಿಲ್ಲ.

ಇವತ್ತು ರಾತ್ರಿಯೇ ಒಂದು ಬಿಳಿ ಹಾಳೆಯಲ್ಲಿ ನಿನ್ನ ಕೈಯಾರೆ ಬಯೋಡೇಟಾ ಬರಿ. ಸೋಮವಾರ ಬೆಳಗ್ಗೆ ದಾಬಸ್‌ಪೇಟೆ ಬಸ್ಸು ಹತ್ತು. ಗೇಟಿನಲ್ಲಿ ಸೆಕ್ಯುರಿಟಿಯವರಿಗೆ ನಮಸ್ಕಾರ ಹೇಳಿ, ಅಪ್ರೆಂಟಿಸ್ ವಿಚಾರಕ್ಕೆ ಎಚ್‌ಆರ್‌ನವರನ್ನು ನೋಡಬೇಕಿತ್ತು ಅನ್ನು. ಒಂದು ಗೇಟಿನಲ್ಲಿ ಇಲ್ಲ ಅಂದರೆ ಪಕ್ಕದ ಗೇಟಿಗೆ ಹೋಗು. ಮನೆಗೆ ಬಂದು ಏನಾಯಿತು ಅಂತ ನನಗೆ ಹೇಳು.